ತೊಗರಿ ಕಟ್ಟಿಗೆಗೆ ಬೆಂಕಿ ಹಚ್ಚೋ ಮೊದಲು: ಬ್ರಿಕೆಟ್ ಲೆಕ್ಕ ತಿಳ್ಕೊಳ್ಳಿ

ತೊಗರಿ ರಾಶಿ ಮುಗಿದ ಮೇಲೆ ಕಲಬುರಗಿಯಿಂದ ಕಮಲಾಪುರದವರೆಗೆ ಬದುಗಳ ಮೇಲೆ ಕಟ್ಟಿಗೆ ಬಿದ್ದಿರುತ್ತದೆ. ಒಲೆಗೆ ಬೇಕಾದಷ್ಟು ಮನೆಗೆ ಬರುತ್ತದೆ, ಉಳಿದದ್ದಕ್ಕೆ ಬೆಂಕಿ. ಅದನ್ನೇ ಬ್ರಿಕೆಟ್ ಮಾಡಿ ಮಾರಬಹುದಾ ಅಂತ ಕೇಳುವ ಯುವ ರೈತರಿಗೆ ಈ ಪಾಠ.

ಬ್ರಿಕೆಟ್ ಅಂದ್ರೇನು?

ಪುಡಿ ಉರುವಲನ್ನು ಒತ್ತಿ ಗಟ್ಟಿ ಮಾಡಿದ ತುಂಡು. ಇದರಲ್ಲಿ ಎರಡು ಬಗೆ:

1. ಕಟ್ಟಿಗೆ ಬ್ರಿಕೆಟ್ (ವೈಟ್ ಕೋಲ್): ಒಣಗಿದ ಕಟ್ಟಿಗೆ, ಶೇಂಗಾ ಸಿಪ್ಪೆ ಮುಂತಾದವನ್ನು ಪುಡಿ ಮಾಡಿ ಯಂತ್ರದಲ್ಲಿ ಒತ್ತುತ್ತಾರೆ. ಆ ಒತ್ತಡದ ಬಿಸಿಗೆ ಕಟ್ಟಿಗೆಯೊಳಗಿನ ಲಿಗ್ನಿನ್ ಮೆತ್ತಗಾಗಿ ಅಂಟಿನಂತೆ ಹಿಡಿಯುತ್ತದೆ. ಬೇರೆ ಅಂಟು ಬೇಕಿಲ್ಲ. ಕಾರ್ಖಾನೆ ಬಾಯ್ಲರ್, ಇಟ್ಟಿಗೆ ಭಟ್ಟಿಗಳಿಗೆ ಹೋಗುತ್ತದೆ.

2. ಇದ್ದಿಲು ಬ್ರಿಕೆಟ್: ಕಟ್ಟಿಗೆಯನ್ನು ಕಡಿಮೆ ಗಾಳಿಯಲ್ಲಿ ಸುಟ್ಟು, ಇದ್ದಿಲು ಪುಡಿಗೆ ಗಂಜಿ ಕಲಸಿ, ಅಚ್ಚು ಒತ್ತಿ ಒಣಗಿಸುತ್ತಾರೆ. ಹೊಗೆ ಕಡಿಮೆ, ಕಾವು ಜಾಸ್ತಿ. ಹೋಟೆಲ್ ತಂದೂರಿಗೆ ಒಳ್ಳೆಯದು. ಆದರೆ 100 ಕಿಲೋ ಕಟ್ಟಿಗೆಗೆ ಸಿಗೋದು 20–30 ಕಿಲೋ ಇದ್ದಿಲು ಮಾತ್ರ. ಮುಚ್ಚಿದ ಕೋಣೆಯಲ್ಲಿ ಉರಿಸಬ್ಯಾಡ್ರಿ. ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ.

ಲಾಭ ಎಲ್ಲಿದೆ?

ಕಟ್ಟಿಗೆ ಒತ್ತಿದ ಮಾತ್ರಕ್ಕೆ ಕಾವು ಹೆಚ್ಚೋದಿಲ್ಲ, ಜಾಗ ಉಳಿಯುತ್ತದೆ. ಒಂದು ಘನ ಮೀಟರ್‌ನಲ್ಲಿ ಬಿಡಿ ಉಳಿಕೆ 100 ಕಿಲೋ ಆಸುಪಾಸು ಹಿಡಿದರೆ, ಬ್ರಿಕೆಟ್ 600 ಕಿಲೋ ದಾಟುತ್ತದೆ. ಅಂದರೆ ಲಾಭ ಇರೋದು ಸಾಗಣೆಯಲ್ಲಿ. ಯಂತ್ರಕ್ಕೆ ವರ್ಷವಿಡೀ ಮಾಲು ಬೇಕು, ನಮಗೆ ಕಟ್ಟಿಗೆ ಬರೋದು ಒಂದೇ ಹಂಗಾಮಿನಲ್ಲಿ. ಹಾಗಾಗಿ ಒಬ್ಬರೇ ಸಾಲ ಮಾಡಿ ಯಂತ್ರ ತರಬ್ಯಾಡ್ರಿ. ನಾಲ್ಕೈದು ಹೊಲದವರು ಸೇರಿ, ಕಟ್ಟಿಗೆ ಕತ್ತರಿಸಿ ಹತ್ತಿರದ ಘಟಕಕ್ಕೆ ಮಾರೋದು ಲೇಸು.

ಮಾರೋ ಮೊದಲು

• ತೇವಾಂಶ ಶೇ. 10ರ ಹತ್ತಿರ ಬರುವವರೆಗೆ ಒಣಗಿಸಿ. ಹಸಿ ಇದ್ದರೆ ಬ್ರಿಕೆಟ್ ಬಿರಿಯುತ್ತದೆ.
• ಬೇರಿನ ಮಣ್ಣು ಕೊಡವಿ. ಮಣ್ಣಿದ್ದರೆ ಬೂದಿ ಹೆಚ್ಚು, ಯಂತ್ರವೂ ಸವೆಯುತ್ತದೆ.
• ದರ ಯಾವ ತೇವಾಂಶಕ್ಕೆ, ತೂಕ ಎಲ್ಲಿ, ಸಾಗಣೆ ಯಾರದು ಅಂತ ಮೊದಲೇ ಕೇಳಿ. ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಕಳೆದು ಉಳಿದದ್ದೇ ನಿಮ್ಮ ಆದಾಯ.

ಏನನ್ನು ಕೊಡಬಾರದು?

ಕಮಲಾಪುರದ ಕೆಂಪು ಬಾಳೆ ದಿಂಡಿನಲ್ಲಿ ಶೇ. 90ಕ್ಕೂ ಹೆಚ್ಚು ನೀರು. ಅದನ್ನು ಕೊಚ್ಚಿ ಗೊಬ್ಬರದ ಗುಂಡಿಗೆ ಹಾಕಿ. ತೊಗರಿ ಹೊಟ್ಟು ದನಕ್ಕಿರಲಿ, ಉದುರಿದ ಎಲೆ ನೆಲಕ್ಕಿರಲಿ. ಸಾವಯವ ಕೃಷಿಕನಾಗಿ ನಾನು ಹೇಳೋದು ಇಷ್ಟು: ಗಟ್ಟಿ ಕಟ್ಟಿಗೆಯನ್ನಷ್ಟೇ ಮಾರಿ, ಮಣ್ಣಿನ ಪಾಲು ಮಾರಬ್ಯಾಡ್ರಿ.