ತೊಳೆದ ಕಾರನ್ನು ಒರೆಸುವ ಬಟ್ಟೆ

ಒರೆಸುವ ಬಟ್ಟೆಯೂ ಅಭ್ಯಾಸ ಮಾಡತಕ್ಕ ವಿಷಯವೇ ಎಂದು ಸಹಪಾಠಿಗಳು ನಗಬಹುದು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಇದರ ಗೊಡವೆ ಏಕೆಂದು ಅಧ್ಯಾಪಕರು ಕೇಳಬಹುದು. ಇಬ್ಬರಿಗೂ ನನ್ನ ಉತ್ತರ ಒಂದೇ. ನನ್ನ ಸೋದರಮಾವ ಊರಿಗಾಮಿನಿಂದ ಬಂಗಾರಪೇಟೆಗೂ ಬೆಂಗಳೂರಿಗೂ ಬಾಡಿಗೆ ಕಾರು ಓಡಿಸುತ್ತಾರೆ. ಕಾರು ಅವರದಲ್ಲ, ಯಜಮಾನರದು. ಕಾಲೇಜಿಗೆ ಬರುವ ಮುನ್ನ ಅದನ್ನು ತೊಳೆದು ಒರೆಸುವ ಕೆಲಸ ಎರಡು ವರ್ಷಗಳಿಂದ ನನ್ನದು. ಯಜಮಾನರು ಕಪ್ಪು ಬಣ್ಣದ ಹೊಸ ಕಾರನ್ನು ತಂದಾಗ ನಾನು ನಮ್ಮ ತಂದೆಯವರ ಹಳೆಯ ಚೌಕದಿಂದ ಅದನ್ನು ದಿನವೂ ಬಲು ಶ್ರದ್ಧೆಯಿಂದ ತಿಕ್ಕಿ ಒರೆಸಿದೆನು. ಮೂರು ತಿಂಗಳಾಗುವಷ್ಟರಲ್ಲಿ, ಬಿಸಿಲು ಬಿದ್ದಾಗ ಬಾನೆಟ್ಟಿನ ಮೇಲೆ ಜೇಡರ ಬಲೆಯಂತೆ ಸುತ್ತು ಸುತ್ತಾದ ಗೀರುಗಳು ಕಾಣಿಸಿದವು. ಪಾಲಿಶ್ ಮಾಡಿಸಿದ ಖರ್ಚನ್ನು ಮಾವನ ಸಂಬಳದಲ್ಲಿ ಹಿಡಿದರು. ತಪ್ಪು ನನ್ನದು, ದಂಡ ಅವರದು. ಆ ತಪ್ಪು ಎಲ್ಲಿ ನಡೆಯಿತೆಂದು ಹುಡುಕುತ್ತ ಹೋಗಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ನಮ್ಮ ಊರಿನ ಧೂಳಿನ ವಿಚಾರ. ಇಲ್ಲಿಯ ಚಿನ್ನವು ಬೆಣಚುಕಲ್ಲಿನ ಪದರಗಳಲ್ಲಿ ಹುದುಗಿತ್ತು. ಆ ಕಲ್ಲನ್ನು ಗಿರಣಿಗಳಲ್ಲಿ ಹಿಟ್ಟಿನಂತೆ ಅರೆದು, ಸಯನೈಡಿನ ದ್ರಾವಣದಿಂದ ಚಿನ್ನವನ್ನು ತೆಗೆದುಕೊಂಡು, ಉಳಿದುದನ್ನು ಗುಡ್ಡೆ ಹಾಕುತ್ತ ಬಂದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಸಯನೈಡ್ ದಿಬ್ಬಗಳು ಮಾತ್ರ ನಿಂತೇ ಇವೆ. ಮೂರು ಕೋಟಿ ಟನ್ನಿಗೂ ಮೇಲ್ಪಟ್ಟ ಆ ಹುಡಿಯು ಆಷಾಢದ ಗಾಳಿಗೆ ಎದ್ದು ಬಂದು ನಮ್ಮ ಕಿಟಕಿ, ಪಾತ್ರೆ, ಪುಸ್ತಕಗಳ ಮೇಲೆಲ್ಲ ಕುಳಿತುಕೊಳ್ಳುವುದು ಈ ಕಾಲೇಜಿನಲ್ಲಿ ಓದಿದ ಯಾರಿಗೂ ಹೊಸತಲ್ಲ. ಗಣಿಯೊಳಗೆ ಇದೇ ಕಲ್ಲಿನ ಧೂಳು ಶ್ವಾಸಕೋಶವನ್ನು ಹೊಕ್ಕು ಸಿಲಿಕೋಸಿಸ್ ರೋಗವನ್ನು ತಂದಿತು. ಅದರ ಮುಂದೆ ಕಾರಿನ ಗೀರು ಎಷ್ಟರದು! ಆದರೆ ಎರಡಕ್ಕೂ ಕಾರಣವಾದ ವಸ್ತು ಒಂದೇ ಎಂಬುದನ್ನು ಮರೆಯಬಾರದು.

ಖನಿಜಗಳ ಕಾಠಿಣ್ಯವನ್ನು ಅಳೆಯಲು ಮೋಸ್ ಎಂಬ ವಿದ್ವಾಂಸನು ಹಾಕಿಕೊಟ್ಟ ಹತ್ತು ಮೆಟ್ಟಿಲುಗಳಲ್ಲಿ ಬೆಣಚುಕಲ್ಲಿನದು ಏಳನೆಯದು. ಗಾಜೂ ಅದಕ್ಕಿಂತ ಮೆತ್ತಗೆ. ಈಗಿನ ಕಾರುಗಳ ಬಣ್ಣದ ಮೇಲೆ ಹೊಳಪಿಗಾಗಿ ಬಳಿದಿರುವ ಪಾರದರ್ಶಕ ಪದರವೋ ಒಂದು ಬಗೆಯ ರಾಳ. ಅದರ ದಪ್ಪ ಸಾಮಾನ್ಯವಾಗಿ ತಲೆಗೂದಲಿಗಿಂತಲೂ ಕಡಿಮೆ. ಇಂಥ ಪದರದ ಮೇಲೆ ಬೆಣಚಿನ ಒಂದು ಕಣವನ್ನಿಟ್ಟು, ಬಟ್ಟೆಯಿಂದ ಒತ್ತಿ, ಗುಂಡಗೆ ತಿರುಗಿಸಿದರೆ ಏನಾಗುವುದೋ ಅದೇ ಆಯಿತು. ಗೀರಿದ್ದು ಬಟ್ಟೆಯ ನೂಲಲ್ಲ, ಬಟ್ಟೆ ಎಳೆದಾಡಿದ ಕಣ. ಚೌಕದ ನೇಯ್ಗೆ ಚಪ್ಪಟೆ. ಕಣವು ಒಳಗೆ ಅಡಗಲು ಅದರಲ್ಲಿ ಸ್ಥಳವಿಲ್ಲ. ಆದುದರಿಂದ ಅದು ಬಟ್ಟೆಗೂ ಬಣ್ಣಕ್ಕೂ ನಡುವೆ ಉಳಿದು ಉಜ್ಜುತ್ತದೆ. ಬೆವರು ಒರೆಸಲು, ತಲೆಗೆ ಸುತ್ತಲು, ಬುತ್ತಿ ಕಟ್ಟಲು ಚೌಕಕ್ಕೆ ಸಮನಾದುದಿಲ್ಲ. ನಮ್ಮ ಊರಿನ ತಮಿಳರು ತುಂಡು ಎಂದು ಕರೆಯುವ ಇದನ್ನು ಹೆಗಲ ಮೇಲೆ ಹಾಕದ ಡ್ರೈವರೇ ಅಪರೂಪ. ಹೆಗಲ ಮೇಲಿದ್ದುದೇ ಕೈಗೆ ಬರುತ್ತದೆ, ಕೇಡು ಅಲ್ಲಿಂದಲೇ. ಜರಿಯಂಚು ಇದ್ದರಂತೂ ಕೇಳಬೇಡಿ.

ಹಾಗಾದರೆ ಒರೆಸದೆ ಬಿಟ್ಟರಾಗದೆ? ಆಗದು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಗಣಿಯವರು ಪಾಲಾರಿನ ಬೇತಮಂಗಲದ ಕೆರೆಯಿಂದ ಇಲ್ಲಿಗೆ ನೀರು ತರಿಸಿದ್ದರು. ಈಗ ಬಹುಪಾಲು ಮನೆಗಳಲ್ಲಿ ಕಾರು ತೊಳೆಯುವುದು ಕೊಳವೆಬಾವಿಯ ಗಡಸು ನೀರಿನಿಂದ. ಹನಿ ಬಿಸಿಲಿನಲ್ಲಿ ಆರಿದರೆ ನೀರು ಹೋಗಿ, ಅದರಲ್ಲಿದ್ದ ಸುಣ್ಣದ ಅಂಶ ಬಿಳಿಯ ಉಂಗುರವಾಗಿ ನಿಲ್ಲುತ್ತದೆ. ಕಾಫಿಗೆ ನೀರು ಕಾಯಿಸುವ ಪಾತ್ರೆಯ ತಳವನ್ನು ನೋಡಿದವರಿಗೆ ಇದು ಗೊತ್ತು. ಆದ್ದರಿಂದ ಒರೆಸಲೇಬೇಕು, ಬೇಗನೆ ಒರೆಸಬೇಕು, ಆದರೆ ಉಜ್ಜದೆ ಒರೆಸಬೇಕು. ಬಟ್ಟೆಯ ಪರೀಕ್ಷೆ ಇರುವುದು ಇಲ್ಲಿಯೇ.

ಗ್ಯಾರೇಜುಗಳಲ್ಲಿ ತೂಕದ ಮೇಲೆ ಕೊಳ್ಳುವ ಬನಿಯನ್ ವೇಸ್ಟನ್ನು ಎಂಜಿನ್ನಿನ ಎಣ್ಣೆಗೇ ಬಿಡುವುದು ಲೇಸು. ಅದರ ಹೊಲಿಗೆಗಳು ಗಟ್ಟಿ. ಸ್ನಾನದ ಟರ್ಕಿ ಟವಲು ಚೌಕಕ್ಕಿಂತ ಎಷ್ಟೋ ಮೇಲು, ಏಕೆಂದರೆ ಅದರ ಮೈಮೇಲೆ ನೂಲಿನ ಕುಣಿಕೆಗಳಿವೆ. ನೀರೂ ಕಣವೂ ಕುಣಿಕೆಗಳ ಸಂದಿಗೆ ಇಳಿಯುತ್ತವೆ. ಹೊಸ ಟವಲು ಮಾತ್ರ ಗಂಜಿಯ ದೆಸೆಯಿಂದ ನೀರನ್ನು ಹೀರದು, ಎರಡು ಮೂರು ಬಾರಿ ಒಗೆದಿರಬೇಕು. ಹಳತಾದರೆ ಕುಣಿಕೆಗಳು ಒರಟಾಗಿ, ಎಳೆಗಳನ್ನು ಉದುರಿಸತೊಡಗುತ್ತದೆ. ಹಿಂದಿನ ಕಾಲದ ಸಾಹೇಬರ ಕಾರುಗಳಿಗೆ ಶ್ಯಾಮಿ ಎಂಬ ಚರ್ಮವನ್ನು ಬಳಸುತ್ತಿದ್ದರು. ಶ್ಯಾಮಿ ಎಂಬುದು ಯೂರೋಪಿನ ಬೆಟ್ಟಗಳ ಒಂದು ಕಾಡುಮೇಕೆಯ ಹೆಸರು; ಈಗ ಬರುವುದು ಮೀನೆಣ್ಣೆಯಲ್ಲಿ ಹದ ಮಾಡಿದ ಕುರಿಯ ಚರ್ಮ. ನೀರು ಹೀರುವುದರಲ್ಲಿ ಅದು ಗಟ್ಟಿಗ. ಆದರೆ ಅದರ ಮೈ ನುಣುಪು, ಅಂದರೆ ಚೌಕದ ದೋಷವೇ ಅದಕ್ಕೂ ಇದೆ. ಧೂಳಿಲ್ಲದ ದೇಶಕ್ಕೆ ಅದು ಒಪ್ಪೀತು, ನಮ್ಮ ಊರಿಗಲ್ಲ.

ಕೊನೆಗೆ ನನಗೆ ಸರಿಯೆನಿಸಿದುದು ಮೈಕ್ರೋಫೈಬರ್ ಬಟ್ಟೆ. ಒಂಬತ್ತು ಸಾವಿರ ಮೀಟರು ಉದ್ದದ ಎಳೆ ಒಂದು ಗ್ರಾಂ ತೂಗಿದರೆ ಅದು ಒಂದು ಡೆನಿಯರ್. ರೇಷ್ಮೆಯ ಎಳೆ ಹೆಚ್ಚು ಕಡಿಮೆ ಅಷ್ಟು. ಅದಕ್ಕಿಂತಲೂ ಸಣ್ಣದಾದ ಕೃತಕ ಎಳೆಗೆ ಈ ಹೆಸರು. ಜಪಾನಿನ ಟೋರೆ ಕಂಪನಿಯಲ್ಲಿ ಮಿಯೋಶಿ ಒಕಮೋಟೊ ಎಂಬ ವಿಜ್ಞಾನಿ 1970ರಲ್ಲಿ ಇಂಥ ಎಳೆಗಳಿಂದ ಚರ್ಮದಂತಹ ಬಟ್ಟೆಯನ್ನು ಮಾಡಿದನು. ಒರೆಸುವ ಬಟ್ಟೆಗಳು ತರುವಾಯ ಬಂದವು. ಪಾಲಿಯೆಸ್ಟರ್ ಮತ್ತು ಪಾಲಿಅಮೈಡುಗಳನ್ನು ಕೂಡಿಸಿ ಎಳೆದ ನೂಲನ್ನು ಕಿತ್ತಳೆಯ ತೊಳೆಗಳಂತೆ ಸೀಳುತ್ತಾರೆ. ಆ ಸೀಳುಗಳಲ್ಲಿ ನೀರು, ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ, ತಾನೇ ಏರುತ್ತದೆ. ಒತ್ತುವ ಅಗತ್ಯವಿಲ್ಲ. ಒತ್ತದಿದ್ದರೆ ಗೀರೂ ಇಲ್ಲ.

ಅಂಗಡಿಯಲ್ಲಿ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಅಂಕಿಯನ್ನು ನೋಡಬೇಕು. ಇನ್ನೂರು ಮುನ್ನೂರರ ತೆಳು ಬಟ್ಟೆಗಳು ಕಾರಿನ ಒಳಭಾಗಕ್ಕೆ ಸಾಕು. ನೀರು ಹೀರಲು ಐನೂರರಿಂದ ಮೇಲಿನ, ಉದ್ದ ಕುಣಿಕೆಗಳುಳ್ಳದ್ದು ಬೇಕು. ಚೌಕುಳಿ ನೇಯ್ಗೆಯ ತೆಳು ಬಟ್ಟೆಯೂ ಚೆನ್ನಾಗಿ ಹೀರುತ್ತದೆ, ಗಾಜಿಗೆ ಅದೇ ಹಿತ. ಆದರೆ ಬಣ್ಣದ ಮೇಲೆ ನನಗೆ ಉದ್ದ ಕುಣಿಕೆಯೇ ನಂಬಿಕೆ. ಅಂಚಿನ ಹೊಲಿಗೆ ಮೆತ್ತಗಿರಬೇಕು. ಮೂಲೆಯಲ್ಲಿ ಹೊಲಿದ ಚೀಟಿಯನ್ನು ಮನೆಗೆ ಬಂದೊಡನೆ ಬಿಚ್ಚಿಬಿಡಬೇಕು. ಸಂದೇಹವಿದ್ದರೆ ಕೆಟ್ಟುಹೋದ ಸಿ.ಡಿ.ಯೊಂದರ ಹೊಳೆಯುವ ಮೈಮೇಲೆ ಅಂಚನ್ನು ಉಜ್ಜಿ ನೋಡಿರಿ; ಅಲ್ಲಿ ಗೀರಿದರೆ ಕಾರಿನ ಮೇಲೂ ಗೀರೀತು.

ಬಟ್ಟೆ ಒಳ್ಳೆಯದಾದರೂ ಕೈ ಹಳೆಯದಾದರೆ ಫಲವಿಲ್ಲ. ತೊಳೆದಾದ ಮೇಲೆ ಕಡೆಯ ಒಂದೆರಡು ಚೊಂಬು ನೀರನ್ನು ಮೇಲಿನಿಂದ ನಿಧಾನವಾಗಿ ಹರಿಯಬಿಟ್ಟರೆ ಹನಿಗಳು ಕೂಡಿಕೊಂಡು ಹಾಳೆಯಂತೆ ಜಾರಿ ಹೋಗುತ್ತವೆ. ಅರ್ಧ ಕೆಲಸ ನೀರಿನದೇ. ಅನಂತರ ಬಟ್ಟೆಯನ್ನು ಬಾನೆಟ್ಟಿನ ಮೇಲೆ ಹಾಸಿ, ಎರಡು ತುದಿ ಹಿಡಿದು, ಅದರ ಭಾರವೇ ಒತ್ತುವಂತೆ ಒಂದೇ ದಿಕ್ಕಿಗೆ ಎಳೆಯಬೇಕು. ಛಾವಣಿ ಮೊದಲು, ಬಾಗಿಲುಗಳ ಕೆಳಭಾಗ ಕೊನೆಗೆ. ಚಕ್ರಗಳಿಗೆ ಬೇರೆ ಬಟ್ಟೆ. ಕೈಜಾರಿ ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿ ಮತ್ತೆ ಬಳಸುವ ಆಸೆ ಬರುತ್ತದೆ. ನಮ್ಮ ಊರಿನ ನೆಲ ಎಂಥದೆಂಬುದನ್ನು ಮೇಲೆಯೇ ಹೇಳಿದ್ದೇನೆ.

ಇದನ್ನು ಒಗೆಯುವ ನೀರಿನೊಡನೆ ಪ್ಲಾಸ್ಟಿಕ್ಕಿನ ಸಣ್ಣ ಎಳೆಗಳು ಚರಂಡಿಗೂ ಕೆರೆಗೂ ಸೇರುತ್ತವೆ ಎಂಬುದು ಇದರ ಮೇಲಿನ ನಿಜವಾದ ಆಕ್ಷೇಪ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಬಕೆಟ್ಟಿನಲ್ಲಿ ಕೈಯಿಂದ ಒಗೆಯುತ್ತೇನೆ. ಹತ್ತಿಬಟ್ಟೆಯ ಜೊತೆ ಹಾಕಿದರೆ ಅದರ ಎಳೆಗಳೆಲ್ಲ ಇದಕ್ಕೆ ಅಂಟುತ್ತವೆ. ಬಟ್ಟೆ ಮೆದುವಾಗಲೆಂದು ಮಾರುವ ದ್ರವಗಳು ಸೀಳುಗಳನ್ನು ಮುಚ್ಚಿ ಹೀರುವ ಗುಣವನ್ನೇ ಕಳೆಯುತ್ತವೆ. ಇಸ್ತ್ರಿಯ ಕಾವಿಗೆ ಎಳೆ ಕರಗುತ್ತದೆ. ಮೊದಮೊದಲು ಒಗೆದು ತಾರಸಿಯ ಮೇಲೆ ಹರವುತ್ತಿದ್ದೆನು. ದಿಬ್ಬದ ಕಡೆಯಿಂದ ಗಾಳಿ ಬೀಸಿದ ಒಂದು ಸಂಜೆ ಅದನ್ನು ತೆಗೆದು ಕೊಡವಿದಾಗ ಬೂದಿಯ ಬಣ್ಣದ ಹುಡಿ ಉದುರಿತು. ಅಂದಿನಿಂದ ಅಡುಗೆಮನೆಯ ಹಗ್ಗದ ಮೇಲೆ, ಕಿಟಕಿ ಮುಚ್ಚಿ ಒಣಗಿಸುತ್ತೇನೆ. ಅಮ್ಮ ಗೊಣಗುತ್ತಾರೆ. ತಂದೆಯವರ ಚೌಕ ಈಗ ಚಕ್ರಗಳಿಗೆ.