‘ಯಾವ ಕೆಲಸವಾದರೂ ಸರಿ’ ಎನ್ನುವುದನ್ನು ಬಿಡಿ

ಪ್ರಶ್ನೆ: ನನಗೆ 24 ವರ್ಷ. ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯವಳು. 2023ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದೆ. ಬ್ಯಾಂಕ್ ಕ್ಲರ್ಕ್ ಪರೀಕ್ಷೆ ಎರಡು ಸಲ ಬರೆದೆ, ಪ್ರಿಲಿಮ್ಸ್ ಆಯಿತು, ಮೇನ್ಸ್ ದಾಟಲಿಲ್ಲ. ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿ ಉಳಿದುಕೊಂಡು ಕೆಲವು ತಿಂಗಳು ಕೆಲಸ ಹುಡುಕಿದೆ. ಮೊಬೈಲ್‌ನಲ್ಲಿ ಕಂಡ ಕಂಡ ಕೆಲಸಕ್ಕೆಲ್ಲ ಅರ್ಜಿ ಹಾಕಿದರೂ ಇಂಟರ್‌ವ್ಯೂಗೆ ಕರೆದದ್ದು ಎರಡೇ ಕಡೆ. ಅಲ್ಲಿ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದಾಗ ಬಾಯಿ ಒಣಗಿ ಮಾತೇ ಹೊರಡಲಿಲ್ಲ. ಈಗ ಊರಿಗೆ ಬಂದು ಸೋದರಮಾವನ ಗೊಬ್ಬರದ ಅಂಗಡಿಯಲ್ಲಿ ಕೂರುತ್ತಿದ್ದೇನೆ. ಒಂದು ಕನ್ಸಲ್ಟೆನ್ಸಿಯವರು 25,000 ರೂಪಾಯಿ ಕಟ್ಟಿದರೆ ದೊಡ್ಡ ಕಂಪನಿಯಲ್ಲಿ ಬ್ಯಾಕ್ ಆಫೀಸ್ ಕೆಲಸ ಗ್ಯಾರಂಟಿ ಎನ್ನುತ್ತಿದ್ದಾರೆ. ಸಾಲ ತಂದಾದರೂ ಕಟ್ಟೋಣ ಅಂತಾರೆ ಅಪ್ಪ. ನನಗೆ ಯಾವ ಕೆಲಸವಾದರೂ ಸರಿ. ದುಡ್ಡು ಕಟ್ಟಲೇ? ಇಲ್ಲಾ ಕಂಪ್ಯೂಟರ್ ಕೋರ್ಸ್ ಸೇರಲೇ? ನನ್ನ ರೆಸ್ಯೂಮೆ ಜೊತೆಗಿಟ್ಟಿದ್ದೇನೆ.
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಕಟ್ಟಬೇಡಿ. ಇಪ್ಪತ್ತೈದು ಸಾವಿರವೂ ಬೇಡ, ಮೊದಲಿಗೆ ರಿಜಿಸ್ಟ್ರೇಷನ್ ಎಂದು ಕೇಳುವ ಐನೂರೂ ಬೇಡ. ನೆಟ್ಟಗೆ ವ್ಯವಹಾರ ಮಾಡುವ ಏಜೆನ್ಸಿಗೆ ಕಮಿಷನ್ ಕೊಡುವುದು ಜನ ಬೇಕಾಗಿರುವ ಕಂಪನಿ. ಕೆಲಸ ಹುಡುಕುವವರ ಹತ್ತಿರವೇ ಸೆಕ್ಯುರಿಟಿ ಡಿಪಾಸಿಟ್, ಟ್ರೇನಿಂಗ್ ಕಿಟ್, ಲ್ಯಾಪ್‌ಟಾಪ್ ಚಾರ್ಜು ಎಂದು ಕೈಚಾಚಿದರೆ ಅಲ್ಲಿಗೆ ಮಾತು ಮುಗಿಸಿ. ವಾಟ್ಸ್‌ಆ್ಯಪ್‌ನಲ್ಲಿ ಆಫರ್ ಲೆಟರ್ ಕಳಿಸಿದ್ದಾರೆಯೇ? ಅದರಲ್ಲಿ ಅಚ್ಚಾಗಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸಿದರೆ ಎತ್ತುವವರು ಅವರೇ. ಆ ಕಂಪನಿಯ ವೆಬ್‌ಸೈಟನ್ನು ನೀವೇ ತೆರೆದು ಅಲ್ಲಿರುವ ನಂಬರಿಗೆ ಮಾಡಿ. ಮುಂಗಡವೆಂದು ಈಗಾಗಲೇ ಏನಾದರೂ ಹಾಕಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಅವಕಾಶ ಹೆಚ್ಚು.

ಇನ್ನು, ನಿಮ್ಮ ಕಾಗದದಲ್ಲಿ ನನ್ನನ್ನು ಹೆಚ್ಚು ಕಾಡಿದ ಮಾತು: ‘ಯಾವ ಕೆಲಸವಾದರೂ ಸರಿ.’ ಈ ಮಾತನ್ನು ನೀವು ವಿನಯದಿಂದ ಹೇಳುತ್ತೀರಿ, ಗೊತ್ತು. ಆದರೆ ‘ಯಾವುದಾದರೂ ಕೆಲಸ’ ಎಂಬ ಹುದ್ದೆ ಯಾವ ಆಫೀಸಿನಲ್ಲೂ ಖಾಲಿ ಇರುವುದಿಲ್ಲ. ಅವರಿಗೆ ಬೇಕಾಗಿರುವುದು ಬಿಲ್ ಎಂಟ್ರಿ ಮಾಡುವವರು, ಬಾಕಿ ವಸೂಲಿಯ ಲೆಕ್ಕ ಇಡುವವರು, ಜಿಎಸ್‌ಟಿ ರಿಟರ್ನ್‌ಗೆ ದಾಖಲೆ ಹೊಂದಿಸಿಕೊಡುವವರು. ಇದರಲ್ಲಿ ನೀವು ಯಾವುದಕ್ಕೆ ಆಗುತ್ತೀರಿ ಎಂದು ಊಹಿಸುವ ಕೆಲಸವನ್ನು ಅವರಿಗೇ ಬಿಟ್ಟರೆ, ಅವರು ಆ ಗೋಜಿಗೆ ಹೋಗದೆ ಮುಂದಿನ ಅರ್ಜಿ ತೆಗೆಯುತ್ತಾರೆ.

ನಿಮ್ಮ ರೆಸ್ಯೂಮೆ ಓದಿದೆ. ಮೇಲಿನ ಮೂರು ಸಾಲು ‘ಕೆರಿಯರ್ ಆಬ್ಜೆಕ್ಟಿವ್’. ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಜೊತೆ ಬೆಳೆಯುವ ಆಸೆ ಎಂದು ಎಲ್ಲರೂ ನಕಲು ಮಾಡುವ ಅದೇ ಸಾಲು. ಆಮೇಲೆ ತಂದೆಯ ಹೆಸರು, ಧರ್ಮ, ಅವಿವಾಹಿತೆ, ಹವ್ಯಾಸ ಹಾಡು ಕೇಳುವುದು. ಕೊನೆಗೆ ಈ ಮೇಲಿನದೆಲ್ಲ ಸತ್ಯ ಎಂಬ ಘೋಷಣೆ. ಅನುಭವ ಎಂಬಲ್ಲಿ ‘ಫ್ರೆಶರ್’. ಗೊಬ್ಬರದ ಅಂಗಡಿಯ ಸುದ್ದಿಯೇ ಇಲ್ಲ!

ಆ ಅಂಗಡಿಯಲ್ಲಿ ನೀವು ಮಾಡುವುದೇನು? ರೈತರ ಆಧಾರ್ ನೋಡಿ ಪಿಒಎಸ್ ಮಷಿನ್ ಮೇಲೆ ಹೆಬ್ಬೆಟ್ಟು ಒತ್ತಿಸಿ ಯೂರಿಯಾ ಕೊಡುತ್ತೀರಿ. ಮಷಿನ್ ತೋರಿಸುವ ಸ್ಟಾಕು ಗೋದಾಮಿನ ಚೀಲಗಳಿಗೆ ತಾಳೆಯಾಗಬೇಕು. ಒಬ್ಬನೇ ರೈತ ಒಂದೇ ಸಲಕ್ಕೆ ಒಯ್ಯುವ ಸಾಮಾನಿನಲ್ಲಿ ಬಿತ್ತನೆ ಬೀಜಕ್ಕೆ ತೆರಿಗೆ ಇಲ್ಲ, ಗೊಬ್ಬರಕ್ಕೆ ಶೇ 5, ರಾಸಾಯನಿಕ ಕೀಟನಾಶಕಕ್ಕೆ ಶೇ 18. ಬಿಲ್ಲಿನಲ್ಲಿ ಅದು ತಪ್ಪಬಾರದು. ಮುಂಗಾರಿಗೆ ಕೊಟ್ಟ ಉದ್ರಿ, ಮೆಕ್ಕೆಜೋಳ ಮಾರಿದ ಮೇಲೆ ಬರುತ್ತದೆ. ಯಾರದು ಎಷ್ಟು ಜಮಾ, ಎಷ್ಟು ಬಾಕಿ ಎಂಬುದು ನಿಮ್ಮ ಖಾತೆ ಪುಸ್ತಕದಲ್ಲಿದೆ. ಕಾಲೇಜಿನಲ್ಲಿ ಇನ್ವೆಂಟರಿ, ಡೆಟರ್ಸ್ ಲೆಡ್ಜರ್ ಎಂದು ಪರೀಕ್ಷೆಗೆ ಓದಿದ್ದನ್ನೇ ಇಲ್ಲಿ ದಿನಾ ಕೈಯಾರೆ ಮಾಡುತ್ತಿದ್ದೀರಿ. ಮಾವನ ಅಂಗಡಿ, ಸಂಬಳ ಇಲ್ಲ ಎಂಬ ಕಾರಣಕ್ಕೆ ಅದು ಅನುಭವವಲ್ಲ ಎಂದುಕೊಂಡಿರಿ. ನಮ್ಮ ಎಷ್ಟೋ ಹೆಣ್ಣುಮಕ್ಕಳು ಮನೆಯ ಅಂಗಡಿ, ಡೇರಿ, ಹೊಲಿಗೆ ಮಷಿನ್ನಿನ ಲೆಕ್ಕವನ್ನೆಲ್ಲ ಹೀಗೇ ಶೂನ್ಯಕ್ಕೆ ಬರೆದುಬಿಡುವುದು ನೋಡಿ ನನಗೆ ಸಂಕಟವಾಗುತ್ತದೆ.

ಇವತ್ತು ರಾತ್ರಿ ಕೂತು ಆ ಹಾಳೆಯನ್ನು ಬದಲಿಸಿ. ಹೆಸರು, ಫೋನ್ ನಂಬರ್, ಅದರ ಕೆಳಗೆ ಒಂದು ಸಾಲು: ‘ಅಕೌಂಟ್ಸ್ ಅಸಿಸ್ಟೆಂಟ್. ಬಿ.ಕಾಂ. ಗೊಬ್ಬರ, ಬೀಜದ ಅಂಗಡಿಯಲ್ಲಿ ಬಿಲ್ಲಿಂಗ್, ಸ್ಟಾಕ್ ಮತ್ತು ಉದ್ರಿ ಲೆಕ್ಕದ ಅನುಭವ.’ ಆಮೇಲೆ ನಾಲ್ಕೈದು ಸಾಲು, ಸಾಧ್ಯವಾದಷ್ಟು ಅಂಕಿ ಹಾಕಿ. ಸೀಸನ್‌ನಲ್ಲಿ ದಿನಕ್ಕೆ ಎಷ್ಟು ಬಿಲ್ ಮಾಡುತ್ತೀರಿ, ಎಷ್ಟು ಜನರ ಉದ್ರಿ ಖಾತೆ ನೋಡಿಕೊಳ್ಳುತ್ತೀರಿ, ಎಷ್ಟು ಬಗೆಯ ಸಾಮಾನಿನ ಸ್ಟಾಕ್ ಇಡುತ್ತೀರಿ. ಒಂದೂ ಸುಳ್ಳು ಅಂಕಿ ಬೇಡ, ಎದುರಿಗೆ ಕೂತವರು ಎರಡೇ ಪ್ರಶ್ನೆಗೆ ಹಿಡಿಯುತ್ತಾರೆ. ಒಂದು ಪುಟ ಸಾಕು. ಧರ್ಮ, ಹವ್ಯಾಸ, ಘೋಷಣೆ ತೆಗೆದುಹಾಕಿ. ಯಾವ ತಾರೀಖಿನಿಂದ ಏನೇನು ಕೆಲಸ ನೋಡಿಕೊಳ್ಳುತ್ತಿದ್ದೀರಿ ಎಂದು ಅಂಗಡಿಯ ಲೆಟರ್‌ಹೆಡ್‌ನಲ್ಲಿ ಮಾವನಿಂದ ಬರೆಸಿ, ಸೀಲು ಹಾಕಿಸಿಕೊಳ್ಳಿ.

ಕೋರ್ಸಿನ ವಿಷಯ. ಎಲ್ಲವನ್ನೂ ಒಟ್ಟಿಗೆ ಕಲಿಸುತ್ತೇವೆ ಎನ್ನುವ ಆರು ತಿಂಗಳ ಪ್ಯಾಕೇಜಿಗೆ ದುಡ್ಡು ಸುರಿಯುವುದು ಬೇಡ. ನಿಮಗೆ ಬೇಕಾಗಿರುವುದು ಟ್ಯಾಲಿ ಮತ್ತು ಎಕ್ಸೆಲ್. ಟ್ಯಾಲಿ ಪ್ರೈಮ್‌ನ ಎಜುಕೇಷನಲ್ ಮೋಡ್ ಉಚಿತ. ತಿಂಗಳ ಕೆಲವೇ ದಿನಾಂಕಗಳಿಗೆ ಎಂಟ್ರಿ ಮಾಡಲು ಬಿಡುತ್ತದೆ, ಕಲಿಯಲು ಅಷ್ಟು ಸಾಕು. ಅಂಗಡಿಯ ಹಳೆಯ ಬಿಲ್ಲುಗಳನ್ನೇ ಅದರಲ್ಲಿ ಹಾಕುತ್ತಾ ಹೋಗಿ. ಎಕ್ಸೆಲ್‌ನಲ್ಲಿ ವಿಲುಕಪ್ ಮತ್ತು ಪಿವೊಟ್ ಟೇಬಲ್ ಬಂದರೆ ಮೊದಲ ಕೆಲಸಕ್ಕೆ ಧಾರಾಳ. ಅವನ್ನು ಬಳಸಿ ಒಂದು ಕೆಲಸವನ್ನು ಪೂರ್ತಿ ಕಲಿಯಿರಿ, 2ಬಿ ತಾಳೆ ನೋಡುವುದು. ಮಾರಿದವರು ತಮ್ಮ ಜಿಎಸ್‌ಟಿಆರ್-1ರಲ್ಲಿ ತೋರಿಸಿದ ಬಿಲ್ಲುಗಳೆಲ್ಲ ತಿಂಗಳ 14ರಂದು ಕೊಂಡವರ ಜಿಎಸ್‌ಟಿಆರ್-2ಬಿಯಲ್ಲಿ ಬಂದು ಕೂರುತ್ತವೆ. ಅದನ್ನು ಖರೀದಿ ಪುಸ್ತಕದ ಪಕ್ಕದಲ್ಲಿಟ್ಟು ಯಾವ ಬಿಲ್ ಕಾಣೆಯಾಗಿದೆ ಎಂದು ಹುಡುಕಬೇಕು. ಅಲ್ಲಿ ಇಲ್ಲದ ಬಿಲ್ಲಿನ ತೆರಿಗೆ ಜಮಾ ಸಿಗುವುದಿಲ್ಲ, ಅಷ್ಟೂ ಅಂಗಡಿಯವರ ಜೇಬಿನಿಂದ ಹೋಗುತ್ತದೆ. ಮಾವನ ಒಪ್ಪಿಗೆ ಪಡೆದು ಅವರ ಲೆಕ್ಕದಲ್ಲೇ ಒಂದೆರಡು ತಿಂಗಳ ತಾಳೆ ಮಾಡಿ ನೋಡಿ. ‘ನಾನು 2ಬಿ ತಾಳೆ ಮಾಡಬಲ್ಲೆ’ ಎನ್ನುವ ಹುಡುಗಿಯ ಮಾತನ್ನು ವ್ಯಾಪಾರಸ್ಥರು ಕಿವಿಗೊಟ್ಟು ಕೇಳುತ್ತಾರೆ.

ಎಲ್ಲಿ ಹುಡುಕುವುದು? ಬೆಂಗಳೂರೇ ಆಗಬೇಕೆಂದು ಏನಿಲ್ಲ. ನಿಮ್ಮ ರಾಣೆಬೆನ್ನೂರು ಬೀಜದ ವ್ಯಾಪಾರಕ್ಕೆ ಹೆಸರಾದ ಊರು. ಪಕ್ಕದ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ವಹಿವಾಟು. ಸುಗ್ಗಿಯ ತಿಂಗಳುಗಳಲ್ಲಿ ದಲಾಲಿ ಅಂಗಡಿಗಳಲ್ಲಿ ಲೆಕ್ಕ ಬರೆಯುವವರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಕೋಲ್ಡ್ ಸ್ಟೋರೇಜ್‌ಗಳಿವೆ, ಖಾರದ ಪುಡಿಯ ಕಾರ್ಖಾನೆಗಳಿವೆ. ಹುಬ್ಬಳ್ಳಿ, ದಾವಣಗೆರೆಯಲ್ಲಿ ಸಿಎ ಆಫೀಸುಗಳಿವೆ. ಇಂಥ ಕೆಲಸಗಳಲ್ಲಿ ಬಹಳಷ್ಟು ಮೊಬೈಲ್ ಆ್ಯಪ್‌ಗಳಿಗೆ ಬರುವುದೇ ಇಲ್ಲ, ಬಾಯಿಂದ ಬಾಯಿಗೇ ತುಂಬಿಹೋಗುತ್ತವೆ.

ಯಾರ ಬಾಯಿಂದ ಎಂಬುದು ಮುಖ್ಯ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರ್ಯಾನೊವೆಟರ್ ಬಾಸ್ಟನ್ ಸಮೀಪದ ನ್ಯೂಟನ್ ಊರಿನಲ್ಲಿ ಕೆಲಸ ಬದಲಿಸಿದವರನ್ನು ವಿಚಾರಿಸಿ 1973ರಲ್ಲಿ ಒಂದು ಲೇಖನ ಪ್ರಕಟಿಸಿದರು. ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುದ್ದಿ ತಂದವರು ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವ ಜನ. ಯೋಚಿಸಿದರೆ ಸಹಜವೇ. ನಿಮ್ಮ ಗೆಳತಿಯರಿಗೆ ಗೊತ್ತಿರುವ ಸುದ್ದಿ ನಿಮಗೂ ಗೊತ್ತಿರುತ್ತದೆ, ಬೇರೆ ವಲಯದಲ್ಲಿ ಓಡಾಡುವವರಿಗೆ ಬೇರೆ ಸುದ್ದಿ ಸಿಗುತ್ತದೆ. ಅಂಥ ಜನ ನಿಮ್ಮ ಅಂಗಡಿಗೇ ಬಂದು ಹೋಗುತ್ತಿದ್ದಾರೆ. ಬೀಜ ಕಂಪನಿಯ ಸೇಲ್ಸ್‌ನವರು, ಹೋಲ್‌ಸೇಲ್ ಡೀಲರ್‌ನ ಗುಮಾಸ್ತರು, ಮಾವನ ರಿಟರ್ನ್ ಹಾಕುವ ಟ್ಯಾಕ್ಸ್ ಪ್ರಾಕ್ಟೀಷನರ್. ಇವರನ್ನು ‘ಒಂದು ಕೆಲಸ ಕೊಡಿಸಿ’ ಎಂದು ಕೇಳಬೇಡಿ. ಕೊಡಿಸುವುದು ಅವರ ಕೈಯಲ್ಲಿಲ್ಲ, ನೋಡೋಣ ಎಂದು ಜಾರಿಕೊಳ್ಳುತ್ತಾರೆ. ಅವರು ಕೊಡಬಹುದಾದದ್ದನ್ನು ಕೇಳಿ: ‘ನಮಸ್ಕಾರ್ರೀ ಸರ್, ನಾ ಅಕೌಂಟ್ಸ್ ಕೆಲಸ ಹುಡುಕಾಕತ್ತೀನ್ರಿ. ನಿಮ್ಮ ಆಫೀಸಿನ್ಯಾಗ ಲೆಕ್ಕ ನೋಡವ್ರು ಯಾರು ಅದಾರ್ರೀ? ಅವರನ್ನ ಹತ್ತು ನಿಮಿಷ ಭೆಟ್ಟಿ ಆಗಬೇಕಾಗಿತ್ತು.’ ಹೆಸರು, ನಂಬರ್ ಸಿಕ್ಕರೆ ಎರಡು ದಿನದೊಳಗೆ ಫೋನ್ ಮಾಡಿ. ಸಿಎ ಆಫೀಸಿಗೆ ಹೋಗುವುದಾದರೆ ತಿಂಗಳ 11 ಮತ್ತು 20ರ ಆಸುಪಾಸು ಬೇಡ. ಅವು ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಸುವ ಕಡೆಯ ದಿನಗಳು, ನಿಮ್ಮ ಮುಖ ನೋಡಲೂ ಅವರಿಗೆ ಸಮಯವಿರುವುದಿಲ್ಲ.

ಬಿ.ಕಾಂ. ಆದವರಿಗೆ ಕೇಂದ್ರ ಸರ್ಕಾರದ ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ಸ್ಟೈಪೆಂಡ್ ಸಿಗುವ ಅಪ್ರೆಂಟಿಸ್ ಹುದ್ದೆಗಳೂ ಇರುತ್ತವೆ. ನೋಂದಣಿ ಉಚಿತ, ಮಾಡಿಟ್ಟಿರಿ.

ಇಂಟರ್‌ವ್ಯೂ ಹೆದರಿಕೆಗೆ ಇಂಗ್ಲಿಷ್ ಒಂದೇ ಕಾರಣ ಎಂದು ನನಗನ್ನಿಸುವುದಿಲ್ಲ. ನಿಮ್ಮ ಬಗ್ಗೆ ಏನು ಹೇಳಬೇಕೆಂದು ಕನ್ನಡದಲ್ಲೂ ನೀವು ಯೋಚಿಸಿರಲಿಲ್ಲ. ಮೊದಲು ನಿಮ್ಮ ಮಾತಿನಲ್ಲೇ ಹೇಳಿಕೊಳ್ಳಿ: ಏನು ಓದಿದೆ, ಅಂಗಡಿಯಲ್ಲಿ ಏನು ನೋಡಿಕೊಳ್ಳುತ್ತೇನೆ, ಲೆಕ್ಕ ತಪ್ಪಿದಾಗ ಹೇಗೆ ಹುಡುಕಿ ಸರಿ ಮಾಡಿದೆ, ಈಗ ಯಾವ ಕೆಲಸ ಬೇಕು. ಆಮೇಲೆ ಅದನ್ನೇ ಐದಾರು ಪದಗಳ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ನಾಲಿಗೆ ತಿರುಗುವವರೆಗೆ ದಿನಾ ಹೇಳಿ. ನಡುವಿನ ವರ್ಷಗಳ ಬಗ್ಗೆ ಕೇಳಿದರೆ ಬ್ಯಾಂಕ್ ಪರೀಕ್ಷೆಗೆ ಓದಿದ್ದನ್ನು ಮುಚ್ಚಿಡಬೇಡಿ, ಪ್ರಿಲಿಮ್ಸ್ ದಾಟಿದ್ದನ್ನೂ ಹೇಳಿ. ಊರ ಕಡೆಯ ಮಾಲೀಕರು ‘ಈ ಬಿಲ್ ಟ್ಯಾಲಿಯೊಳಗ ಹಾಕಿ ತೋರಸವ್ವಾ’ ಎಂದು ಕುರ್ಚಿ ಬಿಟ್ಟುಕೊಡಬಹುದು. ಅಲ್ಲಿ ನಿಮ್ಮ ಪರವಾಗಿ ಕೈಗಳೇ ಮಾತಾಡುತ್ತವೆ.

ಸಂಬಳದ ಮಾತು ಬಂದಾಗ ಕೈಗೆ ಎಷ್ಟು ಬರುತ್ತದೆ ಎಂದು ಸಂಕೋಚವಿಲ್ಲದೆ ಕೇಳಿ. ವರ್ಷಕ್ಕೆ 2.4 ಲಕ್ಷ ಸಿಟಿಸಿ ಎಂದರೆ ತಿಂಗಳಿಗೆ 20,000 ಎಣಿಸಬೇಡಿ. ಕಂಪನಿ ಕಟ್ಟುವ ಪಿಎಫ್ ಪಾಲನ್ನೂ ಸಾಮಾನ್ಯವಾಗಿ ಅದರಲ್ಲೇ ಸೇರಿಸಿರುತ್ತಾರೆ. ನಿಮ್ಮ ಪಾಲಿನ ಶೇ 12 ಮೂಲ ವೇತನದಿಂದ ಬೇರೆ ಕಡಿತವಾಗುತ್ತದೆ, ಇಎಸ್‌ಐಗೆ ಶೇ 0.75. ಕೈಗೆ ಬರುವುದು 16,000ದ ಆಸುಪಾಸು. ಹಾಗೆಂದು ಪಿಎಫ್, ಇಎಸ್‌ಐ ಇಲ್ಲದ ಕಡೆ ಹೋಗಿ ಎನ್ನುತ್ತಿಲ್ಲ. ಕಾಯಿಲೆ ಬಿದ್ದಾಗ ಅದರ ಬೆಲೆ ತಿಳಿಯುತ್ತದೆ.

ಸೇರುವ ದಿನ ನೇಮಕಾತಿ ಪತ್ರ ಕೇಳಿ ಪಡೆಯಿರಿ, ಬಾಂಡ್ ಇದ್ದರೆ ಮನೆಗೆ ತಂದು ಓದಿದ ಮೇಲೆ ಸಹಿ ಹಾಕಿ. ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟ್‌ಗಳ ಒರಿಜಿನಲ್ ತೋರಿಸಿ ಸಾಕು, ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ಝೆರಾಕ್ಸ್ ಕೊಟ್ಟು ಬನ್ನಿ.