ನಿನ್ನ ಹೊಲ ಯಾವ ಮೈಲಿನಾಗದ?

ನೋಡವ್ವಾ, ಮೊನ್ನೆ ನೀನು ಸಿರವಾರ ಬಸ್ ನಿಲ್ದಾಣದಲ್ಲಿ ಉತ್ತರಪತ್ರಿಕೆಗಳ ಕಟ್ಟು ಎದೆಗವಚಿಕೊಂಡು ನಿಂತಿದ್ದೆ. ‘ಸರ್, ವ್ಯಾಕರಣದ ಪ್ರಶ್ನೆಗೆ ಅಂಕ ಹಾಕೋದು ಸರಳ ಅದ. ಪರ-ವಿರೋಧದ ಪ್ರಬಂಧಕ್ಕೆ ಯಾವ ಅಳತೆ ಹಿಡೀಲಿ?’ ಅಂತ ಕೇಳಿದೆ. ಅಷ್ಟರಲ್ಲಿ ಮಾನ್ವಿ ಬಸ್ಸು ಬಂತು, ನೀನು ಹತ್ತಿದೆ. ಆಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ನನ್ನ ಕೈಯಲ್ಲಿ ಕನ್ನಡ ಕಲಿತವಳು ಈಗ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೀ. ನನ್ನಿಂದಾದ ತಪ್ಪು ನಿನ್ನಿಂದ ಆಗಬಾರದು.

ಬಹಳ ವರ್ಷದ ಹಿಂದಿನ ಮಾತು. ಒಂಬತ್ತನೇ ತರಗತಿಗೆ ಒಂದು ವಿಷಯ ಕೊಟ್ಟಿದ್ದೆ: ‘ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೆಳೆಯುವುದನ್ನು ನಿಲ್ಲಿಸಬೇಕೇ?’ ನಮ್ಮ ಮಕ್ಕಳಿಗೆ ಇದನ್ನು ಪುಸ್ತಕ ನೋಡಿ ಹೇಳಿಕೊಡಬೇಕಾಗಿಲ್ಲ. ಮುನಿರಾಬಾದಿನ ತುಂಗಭದ್ರಾ ಜಲಾಶಯದಿಂದ ಹೊರಟ ಕಾಲುವೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ಹರಿದು ಬರುತ್ತದೆ. ಯೋಜನೆ ಮಾಡಿದಾಗ ಹೆಚ್ಚಿನ ಭೂಮಿಗೆ ಜೋಳ, ಹತ್ತಿ, ಶೇಂಗಾದಂಥ ಮಿತ ನೀರಿನ ಬೆಳೆ ಎಂದಿತ್ತು. ಆದರೆ ಮೇಲ್ಭಾಗದ ಗಂಗಾವತಿ, ಸಿಂಧನೂರಿನ ಕಡೆ ಭತ್ತ ಹಬ್ಬಿತು. ಸಿರವಾರ, ಮಾನ್ವಿ, ರಾಯಚೂರಿನ ನಾವು ‘ಕೊನೆ ಭಾಗದವರು’ ಆದೆವು. ಕಾಲುವೆಯ 104ನೇ ಮೈಲಿನಲ್ಲಿ ನೀರಿನ ಗೇಜು ಇಳಿದರೆ ನಮ್ಮವರು ರಸ್ತೆಗೆ ಇಳಿಯುತ್ತಾರೆ.

ತರಗತಿಯವರೆಲ್ಲ ‘ನಿಲ್ಲಿಸಬೇಕು’ ಎಂದು ಬರೆದಿದ್ದರು. ಒಬ್ಬ ಹುಡುಗ ಮಾತ್ರ ‘ಬೇಡ’ ಎಂದಿದ್ದ. ಅವನ ತಾಯಿ ಹಂಗಾಮಿನಲ್ಲಿ ಸಿಂಧನೂರಿನ ಕಡೆ ನಾಟಿ ಕೆಲಸಕ್ಕೆ ಹೋಗುತ್ತಿದ್ದಳು. ‘ಭತ್ತ ನಿಂತರೆ ನಮ್ಮೂರ ಹೆಣ್ಣುಮಕ್ಕಳ ಕೂಲಿಯೂ ನಿಲ್ಲುತ್ತದೆ. ನಮಗೆ ನೀರು ಬರಬೇಕೆಂಬುದೂ ಖರೆ. ಅದಕ್ಕಾಗಿ ಮೊದಲು ಕಾಲುವೆಗೆ ಅಕ್ರಮವಾಗಿ ಹಾಕಿದ ಪಂಪುಗಳನ್ನು ಕೀಳಬೇಕು, ಆಮೇಲೆ ಸರದಿ ಪ್ರಕಾರ ನೀರು ಬಿಡಬೇಕು’ ಎಂದು ಬರೆದಿದ್ದ. ‘ಅಭಿಪ್ರಾಯ’ ಎಂಬುದು ‘ಅಬಿಪ್ರಾಯ’ ಆಗಿತ್ತು, ಸಾಲುಗಳು ವಾಲಾಡುತ್ತಿದ್ದವು. ಹತ್ತಕ್ಕೆ ಮೂರು ಹಾಕಿದೆ. ನೀರೇ ಜೀವಾಳ ಎಂದು ಶುರುಮಾಡಿ, ಮೇಲಿನವರು ಸ್ವಾರ್ಥಿಗಳೆಂದು ಮೂರು ಪುಟ ಬೈದು, ‘ರೈತನೇ ದೇಶದ ಬೆನ್ನೆಲುಬು’ ಎಂದು ಮುಗಿಸಿದವಳಿಗೆ ಎಂಟು.

‘ಸರ್, ತಪ್ಪು ಎಲ್ಲಿ ಆಗ್ಯದ?’ ಅಂತ ಆ ಹುಡುಗ ಕೇಳಿದ. ‘ಕಾಗುಣಿತ’ ಅಂದೆ. ಅದು ಸುಳ್ಳು. ನನ್ನ ನಾಲ್ಕು ಎಕರೆ 104ನೇ ಮೈಲಿನ ಆಚೆಗಿತ್ತು. ಆ ವರ್ಷ ಹತ್ತಿ ನಿಂತಲ್ಲೇ ಒಣಗಿತ್ತು. ಆ ಮೂರು ಅಂಕ ಹಾಕಿದ್ದು ನನ್ನ ಒಣಗಿದ ಹತ್ತಿ. ಆ ಹುಡುಗ ಮುಂದೆ ಯಾವ ವಿಷಯಕ್ಕೂ ಮನಸ್ಸಿಗೆ ಬಂದದ್ದನ್ನು ಬರೆಯಲಿಲ್ಲ, ಎಲ್ಲರೂ ಬರೆದದ್ದನ್ನೇ ಬರೆದ. ನನಗೆ ಇವತ್ತಿಗೂ ಹೊಟ್ಟೆಯೊಳಗೆ ಚುಚ್ಚುವುದು ಅದೇ.

ಹಾಗಾಗಿ ಪೆನ್ನು ಹಿಡಿಯುವ ಮೊದಲು, ಈ ವಿಷಯದಲ್ಲಿ ನಿನ್ನ ಹೊಲ ಯಾವ ಮೈಲಿನಲ್ಲಿದೆ ಎಂದು ನಿನ್ನನ್ನೇ ಕೇಳಿಕೋ. ಮಗು ಎಲ್ಲಿಗೆ ಬಂದು ಮುಟ್ಟಿತು ಎನ್ನುವುದಕ್ಕೆ ಅಂಕವಿಲ್ಲ, ಯಾವ ದಾರಿ ಹಿಡಿದು ಬಂತು ಎನ್ನುವುದಕ್ಕೆ ಅಂಕ.

ಆ ದಾರಿಯನ್ನು ಹೇಗೆ ನೋಡಬೇಕು? ನಮ್ಮ ಜಿಲ್ಲೆಯ ಎಲ್ಲರೂ ಒಂದೇ ಕಡೆ ನಿಲ್ಲುವ ವಿಷಯವನ್ನೇ ತಗೋ. ರಾಯಚೂರಿನಲ್ಲಿ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಈ ವಿಷಯ ಕೊಟ್ಟರೆ ನಲವತ್ತಕ್ಕೆ ನಲವತ್ತೂ ಮಕ್ಕಳು ‘ಬೇಕು’ ಎಂದೇ ಬರೆಯುತ್ತಾರೆ. ‘ನಮಗೆ ಅನ್ಯಾಯ ಆಗ್ಯದ, ಅದಕ್ಕೆ ಬೇಕು’ ಎಂದು ಒಬ್ಬ ಬರೆದರೆ ಅದು ನೋವು, ಇನ್ನೂ ಕಾರಣವಾಗಿಲ್ಲ. ಇನ್ನೊಬ್ಬಳು, ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ಸಮಿತಿ ವರದಿ ರಾಯಚೂರಿಗೆ ಐಐಟಿ ಶಿಫಾರಸು ಮಾಡಿತ್ತು, 2016ರಲ್ಲಿ ಅದು ಧಾರವಾಡದಲ್ಲಿ ಶುರುವಾಯಿತು ಎಂದು ಬರೆಯುತ್ತಾಳೆ. ಅದು ಆಧಾರ. ಆದರೆ ಅಲ್ಲಿಗೇ ಅಂಕ ಹಾಕಿಬಿಡಬೇಡ. ಕಾಲೇಜು ತಪ್ಪಿದ್ದಕ್ಕೆ ಆಸ್ಪತ್ರೆಯನ್ನೇ ಯಾಕೆ ಕೊಡಬೇಕು? ಆಧಾರಕ್ಕೂ ತೀರ್ಮಾನಕ್ಕೂ ನಡುವೆ ಒಂದು ಸೇತುವೆ ಬೇಕು. ಬ್ರಿಟನ್ನಿನ ತತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರ ತನ್ನ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಈ ಸೇತುವೆಯನ್ನೇ. ‘ಗುಡ್ಡದ ಮೇಲೆ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇದ್ದ ಹಾಗೆ’ ಎಂದು ನಮ್ಮ ನ್ಯಾಯಶಾಸ್ತ್ರದವರು ಬಹಳ ಹಿಂದೆಯೇ ಬಿಡಿಸಿ ಇಟ್ಟಿದ್ದರು. ದೊಡ್ಡ ಕಾಯಿಲೆಯವರು ಇಲ್ಲಿಂದ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕು, ದಾರಿ ಖರ್ಚಿಗೇ ಸಾಲ ಆಗುತ್ತದೆ ಎಂದು ಮಗು ಬರೆದರೆ ಸೇತುವೆ ಕಟ್ಟಿತು ಅಂತ ತಿಳಿ.

ಅದಕ್ಕೂ ಮೇಲಿನದು ಪೂರ್ವಪಕ್ಷ. ‘ರಾಯಚೂರಿನಲ್ಲಿ ರಿಮ್ಸ್ ಆಸ್ಪತ್ರೆ ಇದೆಯಲ್ಲ, ಅದನ್ನೇ ಬಲಪಡಿಸಿದರೆ ಸಾಲದೇ?’ ಎಂದು ಎದುರಿನವನು ಕೇಳುವ ಮಾತನ್ನು ಮಗು ತಾನೇ ಎತ್ತಿ, ಅದಕ್ಕೆ ಉತ್ತರ ಕೊಟ್ಟರೆ ಆ ಪುಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರು. ಹದಿನಾಲ್ಕರ ವಯಸ್ಸಿನಲ್ಲಿ ಅದು ಸಣ್ಣ ಕೆಲಸವಲ್ಲ. ಎದುರಿನವನನ್ನು ಪೆದ್ದನನ್ನಾಗಿ ಮಾಡಿ ಹೊಡೆದು ಬೀಳಿಸಿದ್ದನ್ನು ಉತ್ತರವೆಂದು ಎಣಿಸಬೇಡ. ಅವನ ಗಟ್ಟಿ ಮಾತಿಗೇ ಉತ್ತರ ಕೊಟ್ಟಿರಬೇಕು. ನ್ಯಾಯಸೂತ್ರದಲ್ಲಿ ಸತ್ಯ ಹುಡುಕುವ ಮಾತು ವಾದ, ಗೆಲ್ಲಲಿಕ್ಕೆಂದೇ ಆಡುವುದು ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಿನದನ್ನು ಕೆಡವುವುದು ವಿತಂಡ. ನಮ್ಮ ಚರ್ಚಾ ಸ್ಪರ್ಧೆಗಳು ಮಕ್ಕಳಿಗೆ ಜಲ್ಪವನ್ನೇ ಚೆನ್ನಾಗಿ ಕಲಿಸಿಬಿಟ್ಟಿವೆ ಎಂಬ ಸಂಕಟ ನನಗಿದೆ.

ಭಾಷೆಗೆ ಅಂಕ ಬೇಡವೇ? ಬೇಕು. ಅದನ್ನು ಬೇರೆಯೇ ಇಡು. ‘ವಿಚಾರಕ್ಕೆ ಇಷ್ಟು, ಬರವಣಿಗೆಗೆ ಇಷ್ಟು’ ಎಂದು ಮೊದಲೇ ಮಕ್ಕಳಿಗೂ ಹೇಳಿಬಿಡು. ಮಹಾಪ್ರಾಣ ತಪ್ಪಿದ್ದಕ್ಕೆ ವಿಚಾರದ ಅಂಕ ಕತ್ತರಿಸಬೇಡ. ಮನೆಯಲ್ಲಿ ತೆಲುಗೋ ಉರ್ದುವೋ ಲಂಬಾಣಿಯೋ ಆಡುವ ಮಗು ನಿನ್ನ ತರಗತಿಯಲ್ಲಿ ಇದ್ದೇ ಇರುತ್ತದೆ.

ಉದ್ದಕ್ಕೂ ಮೋಸ ಹೋಗಬೇಡ. 1960ರ ದಶಕದಲ್ಲಿ ಅಮೆರಿಕದ ಎಲಿಸ್ ಪೇಜ್ ಕಂಪ್ಯೂಟರಿನಿಂದ ಪ್ರಬಂಧಕ್ಕೆ ಅಂಕ ಹಾಕಿಸಿದಾಗ, ಅದು ಎಷ್ಟು ಪದ, ಎಷ್ಟು ಅಲ್ಪವಿರಾಮ ಎಂಬಂಥವನ್ನು ಎಣಿಸುತ್ತಿತ್ತು. ಆದರೂ ಅದರ ಅಂಕ ಶಿಕ್ಷಕರ ಅಂಕಕ್ಕೆ ಹತ್ತಿರವೇ ಬರುತ್ತಿತ್ತು. ನಾವೂ ಎಷ್ಟೋ ಸಲ ಹಾಳೆಯ ತೂಕ ನೋಡಿ ಅಂಕ ಹಾಕುತ್ತೇವೆ ಎಂದೇ ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ.

ಒಬ್ಬಳೇ ಕೂತು ಅಂಕ ಹಾಕಬೇಡ. 1912ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಅಮೆರಿಕದಲ್ಲಿ ಒಂದೇ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಗೆ ಕಳಿಸಿದರು. ನೂರಕ್ಕೆ 64 ಕೊಟ್ಟವರೂ ಇದ್ದರು, 98 ಕೊಟ್ಟವರೂ ಇದ್ದರು. ಅವರೆಲ್ಲ ಕೆಟ್ಟ ಶಿಕ್ಷಕರಲ್ಲ, ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಸೇರು ಇತ್ತು ಅಷ್ಟೇ. ಮೊದಲು ಐದಾರು ಪತ್ರಿಕೆಗಳನ್ನು ಪೆನ್ನಿಲ್ಲದೆ ಓದು. ರಾತ್ರಿ ಹನ್ನೊಂದಕ್ಕೆ ಹಾಕಿದ ಅಂಕವನ್ನು ಬೆಳಗ್ಗೆ ಇನ್ನೊಮ್ಮೆ ನೋಡು. ಮತ್ತೆ ಅಂಕದ ಪಕ್ಕ ಒಂದು ಸಾಲು ಬರೆ. ‘ಉತ್ತಮ’ ಅಂತಲ್ಲ, ‘ಕೂಲಿಯ ಮಾತು ಸರಿ, ಸರದಿ ಯಾರು ನಿರ್ಧರಿಸಬೇಕು?’ ಅಂತ. ಆ ಹುಡುಗನಿಗೆ ನಾನು ಬರೆಯಬೇಕಿದ್ದ ಸಾಲು ಅದು.

ಭಾನುವಾರ ಆ ಕಟ್ಟು ತಗೊಂಡು ಮನೆಗೆ ಬಾ. ಹೆಸರು ಕಾಣದ ಹಾಗೆ ಮಡಚಿ ತಾ. ನೀನು ನಿನ್ನ ಅಂಕ ಬೇರೆ ಹಾಳೆಯಲ್ಲಿ ಹಾಕು, ನಾನು ನನ್ನದು ಬೇರೆ ಹಾಳೆಯಲ್ಲಿ ಹಾಕುತ್ತೇನೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ. ಕಾಲುವೆ ನೀರಿನ ಮೇಲೆ ಬರೆದ ಪತ್ರಿಕೆ ಇದ್ದರೆ ಅದನ್ನು ಮಾತ್ರ ನನಗೆ ಕೊಡಬೇಡ, ಬೇರೆ ಯಾರಿಗಾದರೂ ತೋರಿಸು. ಆ ನಾಲ್ಕು ಎಕರೆ ಇನ್ನೂ ನನ್ನ ಹೆಸರಿನಲ್ಲೇ ಇದೆ.